ಕ್ರೈಸ್ತ ವರ್ಷಚಕ್ರದ ಕನ್ನಡ ಧ್ಯಾನಗಳು: ಒಂದು ವಿಮರ್ಶೆ

ಕ್ರೈಸ್ತ ಸಭೆಯ ವರ್ಷವು ಜನವರಿಯಲ್ಲಿ ತೊಡಗುವುದಿಲ್ಲ. ಕ್ರಿಸ್ತಜಯಂತಿಗೆ ಹಿಂದಿನ ನಾಲ್ಕು ಭಾನುವಾರಗಳನ್ನೊಳಗೊಂಡ ಆಗಮನಕಾಲವೇ ಅದರ ಮೊದಲು; ಅಲ್ಲಿಂದ ಜಯಂತಿಯ ಕಾಲ, ತಪಸ್ಸುಕಾಲ, ಪವಿತ್ರವಾರ, ಪುನರುತ್ಥಾನದ ಐವತ್ತು ದಿನಗಳು, ಉಳಿದ ಸಾಧಾರಣ ಕಾಲ ಎಂದು ಅದು ಸುತ್ತಿ ಬರುತ್ತದೆ. ಈ ಕಾಲಗಳಿಗೆ ಹೊಂದಿಸಿ ಬರೆದ ಉಪದೇಶಗಳೂ ವಾರವಾರದ ಧ್ಯಾನಗಳೂ ಕನ್ನಡದಲ್ಲಿ ಒಂದು ಪ್ರತ್ಯೇಕ ಗದ್ಯಪ್ರಕಾರವೆನ್ನುವಷ್ಟು ಬೆಳೆದಿವೆ. ನಮ್ಮ ಸಾಹಿತ್ಯಚರಿತ್ರೆಕಾರರು ಮಿಶನರಿಗಳ ನಿಘಂಟು ವ್ಯಾಕರಣಗಳನ್ನು ಕೊಂಡಾಡಿ, ಇವುಗಳ ಕಡೆಗೆ ಕಣ್ಣು ಹಾಯಿಸದೆ ಮುಂದೆ ಹೋಗುತ್ತಾರೆ. ಇವುಗಳ ದೇವತಾಶಾಸ್ತ್ರವನ್ನು ತೂಗುವುದು ಇತಿಹಾಸದ ಅಧ್ಯಾಪಕನ ಕೆಲಸವಲ್ಲ. ಕಾಲವನ್ನೇ ವಸ್ತುವಾಗಿ ಉಳ್ಳ ಈ ಗದ್ಯವು ತಾನು ಹುಟ್ಟಿದ ನಾಡಿನ ಕಾಲವನ್ನು ಕಂಡಿದೆಯೇ ಎಂಬುದಷ್ಟೆ ಇಲ್ಲಿಯ ಪ್ರಶ್ನೆ.

ಕಾಣದೆ ಇರುವುದಕ್ಕೆ ಚಾರಿತ್ರಿಕ ಕಾರಣವೂ ಉಂಟು. ಜೆಸ್ಯುಯಿಟ್ ಪಾದ್ರಿ ಲಿಯೊನಾರ್ದೊ ಚಿನ್ನಾಮಿ ಶ್ರೀರಂಗಪಟ್ಟಣದಲ್ಲಿ ಮೈಸೂರು ಮಿಶನ್ನನ್ನು ಆರಂಭಿಸಿದ್ದು 1649ರಲ್ಲಿ. ಅಲ್ಲಿಂದ ಅಬ್ಬೆ ದುಬೊಯಿ 1823ರಲ್ಲಿ ಸ್ವದೇಶಕ್ಕೆ ಮರಳುವವರೆಗೂ, ಆತನ ಅನಂತರ ನೂರನಾಲ್ವತ್ತು ವರ್ಷಗಳವರೆಗೂ, ಕಥೋಲಿಕರ ಪೂಜೆ ನಡೆದುದು ಲತೀನಿನಲ್ಲಿ. ಕನ್ನಡಕ್ಕೆ ದೊರೆತದ್ದು ಜಪ ಮತ್ತು ಉಪದೇಶ. 1963ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ದೇಶಭಾಷೆಗಳಿಗೆ ಎಡೆಗೊಟ್ಟ ಮೇಲೆಯೇ ಪೂಜೆ ಕನ್ನಡಕ್ಕೆ ಬಂದಿತು. 1969ರಲ್ಲಿ ಪಂಚಾಂಗವೂ ವಾಚನಗಳ ಕ್ರಮವೂ ಪರಿಷ್ಕೃತವಾದುವು. ಕ್ರಮವು ಹೊರಗಿನಿಂದ ಸಿದ್ಧವಾಗಿ ಬಂದುದರಿಂದ ಅದರ ವ್ಯಾಖ್ಯಾನವೂ ಬಹುಮಟ್ಟಿಗೆ ಅದರೊಡನೆಯೇ ಬಂದಿತು.

ಆಗಮನಕಾಲದ ಧ್ಯಾನಗಳನ್ನು ನೋಡಬಹುದು. ಕತ್ತಲು ದಿನದಿನಕ್ಕೆ ದಟ್ಟವಾಗುವುದು, ಚಳಿಯಲ್ಲಿ ಜಗತ್ತು ಮಲಗಿರುವುದು, ಒಂದು ದೀಪಕ್ಕಾಗಿ ಕಾಯುವುದು ಇವು ಅಲ್ಲಿ ಮರಳಿ ಮರಳಿ ಬರುವ ಚಿತ್ರಗಳು. ಡಿಸೆಂಬರಿನ ಕೊನೆಯಲ್ಲಿ ಹಗಲು ಒಂಬತ್ತು ಗಂಟೆಗೆ ಇಳಿಯುವ ರೋಮಿನಲ್ಲಿ ಇದು ಕಣ್ಣೆದುರಿನ ಸಂಗತಿ. ಮಂಡ್ಯದ ಸೀಮೆಯಲ್ಲಿ ಆಗಲೂ ಹಗಲು ಹನ್ನೊಂದು ಗಂಟೆಗೆ ಕಡಮೆಯಾಗದು. ಚಿಕ್ಕರಸಿನಕೆರೆಯ ಸುತ್ತಿನ ಬಯಲಿನಲ್ಲಿ ಆ ವಾರಗಳು ನಿದ್ರೆಯವಲ್ಲ. ಭತ್ತದ ಕೊಯ್ಲು, ಒಕ್ಕಣೆ, ಹುಲ್ಲಿನ ಮೆದೆಗಳ ಕಾಲ, ರೈತನಿಗೆ ವರ್ಷದಲ್ಲೇ ಬಿಡುವಿಲ್ಲದ ಕಾಲ. ವಿಚಿತ್ರವೆಂದರೆ ಸಭೆಯ ವಾಚನಕ್ರಮವೇ ಈ ಕಣವನ್ನು ಬಲ್ಲುದು. ಮೂರು ವರ್ಷಗಳ ಆವೃತ್ತಿಯಲ್ಲಿ ಎರಡು ವರ್ಷ, ಆಗಮನಕಾಲದ ಒಂದು ಭಾನುವಾರ, ಸ್ನಾನಿಕ ಯೋಹಾನನ ಮಾತು ಓದಲ್ಪಡುತ್ತದೆ: ಬರುವಾತನು ಕಣವನ್ನು ಹಸನು ಮಾಡಿ, ಕಾಳನ್ನು ಕಣಜಕ್ಕೆ ತುಂಬಿ, ಹೊಟ್ಟನ್ನು ಸುಡುವನೆಂಬ ಮಾತು. ಕಾಳು ತೂರುವವರ ನಡುವೆ ಈ ವಾಕ್ಯವನ್ನು ಓದಿ, ಒಡನೆಯೇ ಚಳಿನಾಡಿನ ಕತ್ತಲೆಗೆ ತಿರುಗುವ ವ್ಯಾಖ್ಯಾನಕಾರನನ್ನು ಏನೆನ್ನೋಣ? ಮೂಲವು ಕೈಗೆ ಕೊಟ್ಟುದನ್ನು ಅನುಕರಣೆ ಕಸಿದುಕೊಂಡಿದೆ.

ಇದಕ್ಕಿಂತ ಗಹನವಾದುದು ತಪಸ್ಸುಕಾಲದ ವಿಷಯ. ಪುನರುತ್ಥಾನದ ಹಬ್ಬವು ಮಾರ್ಚ್ 21ರಂದು ಅಥವಾ ಅನಂತರ ಬರುವ ಮೊದಲ ಹುಣ್ಣಿಮೆಯ ಬಳಿಕದ ಭಾನುವಾರ. ಬೂದಿ ಬುಧವಾರವು ಅದಕ್ಕೆ 46 ದಿನ ಹಿಂದೆ. ಹುಣ್ಣಿಮೆಯಿಂದ ಒಂದೂವರೆ ಚಾಂದ್ರಮಾಸ ಹಿಂದಕ್ಕೆ ಎಣಿಸಿದರೆ ಸಿಕ್ಕುವುದು ಅಮಾವಾಸ್ಯೆ. ಎಂದರೆ ಬೂದಿ ಬುಧವಾರವು ಯಾವಾಗಲೂ ಅಮಾವಾಸ್ಯೆಯ ಆಸುಪಾಸಿನಲ್ಲಿ ಅಥವಾ ಅದರ ಮರುವಾರದಲ್ಲಿ ಬೀಳಬೇಕು. ಹಬ್ಬದ ಹುಣ್ಣಿಮೆ ಚೈತ್ರದ್ದಾದರೆ ಆ ಅಮಾವಾಸ್ಯೆ ಸಾಮಾನ್ಯವಾಗಿ ಮಾಘದ್ದು, ಶಿವರಾತ್ರಿಯ ಬೆನ್ನಿಗೆ ಬರುವಂಥದು. 2023ರಲ್ಲಿ ಶಿವರಾತ್ರಿ ಫೆಬ್ರವರಿ 18, ಬೂದಿ ಬುಧವಾರ ಫೆಬ್ರವರಿ 22. 2025ರಲ್ಲಿ ಫೆಬ್ರವರಿ 26 ಮತ್ತು ಮಾರ್ಚ್ 5. ಹಬ್ಬದ ಹುಣ್ಣಿಮೆ ಫಾಲ್ಗುನದ್ದಾದ 2024ರಲ್ಲಿ ಬುಧವಾರವು ಫೆಬ್ರವರಿ 14ಕ್ಕೇ ಬಂದು, ಮಾರ್ಚ್ 8ರ ಶಿವರಾತ್ರಿ ತಪಸ್ಸುಕಾಲದ ಒಳಗೇ ಸೇರಿತು. ಒಂದೇ ಊರಿನಲ್ಲಿ ಕೆಲವೇ ದಿನಗಳ ಅಂತರದಲ್ಲಿ ಎರಡು ಸಮುದಾಯಗಳು ಉಪವಾಸವಿದ್ದು ಹಣೆಗೆ ಬೂದಿ ಹಚ್ಚಿಕೊಳ್ಳುತ್ತವೆ. ಒಂದರಿಂದ ಇನ್ನೊಂದು ಹುಟ್ಟಿತೆಂದು ಯಾರೂ ಭ್ರಮಿಸಬಾರದು. ಎರಡೂ ಚಂದ್ರನನ್ನು ನೋಡಿ ದಿನವೆಣಿಸಿದ ಜನರ ಆಚರಣೆಗಳು, ಅಷ್ಟೆ. ಆದರೆ ನೆರೆಯವನ ಉಪವಾಸವನ್ನು ಗಮನಿಸದ ಉಪವಾಸದ ಧ್ಯಾನ ನನಗೆ ಬಡವಾಗಿ ತೋರುತ್ತದೆ.

‘ತಪಸ್ಸು’ ಎಂಬ ಪದವನ್ನೂ ಪರೀಕ್ಷಿಸಬೇಕು. ಲತೀನ್ ಪದವನ್ನು ಹಾಗೆಯೇ ಇಟ್ಟುಕೊಳ್ಳದೆ ಇದನ್ನು ಆರಿಸಿದವರ ಧೈರ್ಯ ಮೆಚ್ಚತಕ್ಕದ್ದೇ. ಆದರೂ ಈ ಪದ ಕನ್ನಡಿಗನ ಮನಸ್ಸಿನಲ್ಲಿ ಎಬ್ಬಿಸುವುದು ಅಡವಿಯನ್ನು, ಏಕಾಂತವನ್ನು, ವರ ಬೇಡುವ ಅರ್ಜುನನನ್ನು. ಕ್ರಿ.ಶ. 325ರ ನೈಸಿಯಾ ಸಭೆಯ ನಿಯಮಗಳಲ್ಲೇ ಉಲ್ಲೇಖಗೊಂಡಿರುವ ಆ ನಲವತ್ತು ದಿನಗಳಾದರೋ ಪ್ರಾಚೀನ ಸಭೆಯಲ್ಲಿ ಸಾಮೂಹಿಕವಾಗಿದ್ದವು. ದೀಕ್ಷಾಸ್ನಾನಕ್ಕೆ ಸಿದ್ಧರಾಗುವವರೊಡನೆ ಇಡೀ ಸಭೆ ಉಪವಾಸವಿರುತ್ತಿತ್ತು. ನಿಯತ ದಿನಗಳು, ಆಹಾರನಿಯಮ, ಕಥಾಶ್ರವಣ, ದಾನ, ಉದ್ಯಾಪನೆ ಇವೆಲ್ಲ ಕೂಡಿದ ‘ವ್ರತ’ವೇ ಇದಕ್ಕೆ ಹತ್ತಿರದ ಮಾತೆಂದು ನನ್ನ ಅಭಿಪ್ರಾಯ. ಪದವನ್ನು ಈಗ ಬದಲಿಸಲಾಗದು. ಆದರೆ ತಪಸ್ಸೆಂಬ ಹೆಸರಿನ ಸೆಳೆತಕ್ಕೆ ಸಿಕ್ಕಿ ನಮ್ಮ ಧ್ಯಾನಗಳು ಬರಿಯ ಅಂತರಂಗಶೋಧನೆಗೆ ಇಳಿದಿರುವುದನ್ನೂ, ದಾನಧರ್ಮದ ಮಾತು ಅವುಗಳಲ್ಲಿ ಕೊನೆಯ ಪರಿಚ್ಛೇದಕ್ಕೆ ಸರಿದಿರುವುದನ್ನೂ ಗುರುತಿಸಲೇಬೇಕು.

ಬೇರೆ ದಾರಿಯೂ ಇತ್ತು. ಬಾಸೆಲ್ ಮಿಶನ್ನಿನ ಕಿಟ್ಟೆಲ್ 1862ರಲ್ಲಿಯೇ ಯೇಸುವಿನ ಚರಿತೆಯನ್ನು ‘ಕಥಾಮಾಲೆ’ಯೆಂದು ನಮ್ಮ ಛಂದಸ್ಸಿಗೆ ತಂದನು. ಆದರೆ ಕನ್ನಡದ ಹಿರಿಯ ಶುಭಶುಕ್ರವಾರದ ಧ್ಯಾನವನ್ನು ಬರೆದವರು ಕ್ರೈಸ್ತರಲ್ಲ. ಮಂಜೇಶ್ವರದ ಗೋವಿಂದ ಪೈಗಳು. ಅವರ ‘ಗೊಲ್ಗೊಥಾ’ ಯೇಸುವಿನ ಕಡೆಯ ದಿನವನ್ನೂ, ‘ವೈಶಾಖಿ’ ಬುದ್ಧನ ಕಡೆಯ ದಿನವನ್ನೂ ಕುರಿತ ಜೋಡಿಕಾವ್ಯಗಳು. ಎರಡರ ಹೆಸರುಗಳನ್ನು ಒಟ್ಟಿಗಿಟ್ಟು ನೋಡಿದಾಗ ಒಂದು ಸಂಗತಿ ಹೊಳೆಯುತ್ತದೆ: ಬುದ್ಧನ ಮರಣಕ್ಕೆ ಕವಿ ಒಂದು ಹುಣ್ಣಿಮೆಯ ಹೆಸರನ್ನಿಟ್ಟರು, ಕ್ರಿಸ್ತನ ಮರಣಕ್ಕೆ ಒಂದು ಗುಡ್ಡದ ಹೆಸರನ್ನು. ಒಂದು ನಮ್ಮ ತಿಥಿಗೆ ಸೇರಿತು, ಇನ್ನೊಂದು ದೂರದ ಊರಿನಲ್ಲೇ ಉಳಿಯಿತು. ಆದರೆ ಯೇಸುವನ್ನು ಶಿಲುಬೆಗೇರಿಸಿದ್ದು ಯೆಹೂದ್ಯರ ಪಾಸ್ಕ ಹಬ್ಬದ ಸಮಯದಲ್ಲಿ. ಅದು ನೀಸಾನ್ ಮಾಸದ ಹುಣ್ಣಿಮೆಯ ಹಬ್ಬ. ಗೊಲ್ಗೊಥಾದ ಮೇಲೂ ಅಂದು ರಾತ್ರಿ ಬೆಳದಿಂಗಳಿದ್ದಿರಬೇಕು. ಆ ಹುಣ್ಣಿಮೆಯನ್ನು ನಮ್ಮ ಪಂಚಾಂಗದೊಡನೆ ಹಿಡಿದು ನೋಡಿದ ಪವಿತ್ರವಾರದ ಧ್ಯಾನವೊಂದು ಕನ್ನಡದಲ್ಲಿ ಇನ್ನೂ ನನ್ನ ಕಣ್ಣಿಗೆ ಬಿದ್ದಿಲ್ಲ.