ಹಳೆಯ ಆಟಕ್ಕೆ ಹೊಸ ಲ್ಯಾಪ್‌ಟಾಪು

ತೊಂಬತ್ತರ ದಶಕದಲ್ಲಿ ಕಂಪ್ಯೂಟರ್ ಕ್ಲಾಸಿಗೆಂದು ಹೋಗಿ ನಾವೆಲ್ಲ ಮನಸ್ಸಿಟ್ಟು ಕಲಿತದ್ದು ‘ಡೇಂಜರಸ್ ಡೇವ್’ ಮತ್ತು ‘ಪ್ರಿನ್ಸ್ ಆಫ್ ಪರ್ಷಿಯಾ’. ಪ್ರಿನ್ಸ್ ಆಟ ಬರೆದ ಜೋರ್ಡಾನ್ ಮೆಕ್ನರ್ ತನ್ನ ತಮ್ಮನನ್ನು ಓಡಿಸಿ, ಹಾರಿಸಿ, ವಿಡಿಯೊ ತೆಗೆದು, ಅದನ್ನು ನೋಡಿಕೊಂಡೇ ಪ್ರಿನ್ಸ್‌ನ ನಡೆ ಬಿಡಿಸಿದ್ದ. ಆಟ ಬಂದದ್ದು 1989ರಲ್ಲಿ. ಆ ಓಟದ ಚಂದ ಇವತ್ತಿಗೂ ಮಾಸಿಲ್ಲ.

ಆದರೆ ಈಗಿನ 64 ಬಿಟ್ ವಿಂಡೋಸ್ ಇಂಥ ಹಳೆಯ 16 ಬಿಟ್ ಪ್ರೋಗ್ರಾಮುಗಳನ್ನು ಹತ್ತಿರವೇ ಸೇರಿಸುವುದಿಲ್ಲ. ಅಲ್ಲಿ ಕೈಹಿಡಿಯುವುದು 2002ರಲ್ಲಿ ಬಂದ ಡಾಸ್‌ಬಾಕ್ಸ್ ಎಂಬ ತಂತ್ರಾಂಶ. ಪುಕ್ಕಟೆ ಮಾರಾಯ್ರೆ! ಹಳೆಯ ಪ್ರೊಸೆಸರ್, ಸೌಂಡ್ ಬ್ಲಾಸ್ಟರ್ ಕಾರ್ಡು ಎಲ್ಲದರ ವೇಷವನ್ನೂ ಅದೊಂದೇ ಕಟ್ಟುತ್ತದೆ.

ಹೆಜಮಾಡಿಯ ಮನೆಯಲ್ಲಿ ಅಕ್ಕನ ಮಗನ ಲ್ಯಾಪ್‌ಟಾಪಿಗೆ ಅದನ್ನು ಹಾಕಿಕೊಟ್ಟೆ. ಆಟದ ಫೋಲ್ಡರನ್ನು ‘ಮೌಂಟ್’ ಮಾಡಿದರೆ ಅದೇ ಸಿ ಡ್ರೈವ್. ಪ್ರೊಸೆಸರಿನ ವೇಗವನ್ನೇ ನಂಬಿ ಬರೆದ ಕೆಲವು ಆಟಗಳು ಹೊಸ ಯಂತ್ರದಲ್ಲಿ ಹುಚ್ಚು ಹಿಡಿದಂತೆ ಓಡುತ್ತವೆ. ಕಂಟ್ರೋಲ್ ಜೊತೆ ಎಫ್11 ಒತ್ತುತ್ತಾ ಹೋದರೆ ತಣ್ಣಗಾಗುತ್ತವೆ, ಎಫ್12ಕ್ಕೆ ಮತ್ತೆ ಚುರುಕಾಗುತ್ತವೆ. ಇಷ್ಟು ವೇಗದ ಯಂತ್ರಕ್ಕೆ ನಿಧಾನ ಕಲಿಸುವ ಈ ಜಾಣತನವೇ ನನಗೆ ಹೆಚ್ಚು ಇಷ್ಟ.

ಅಟ್ಟದಲ್ಲಿ ಹಳೆಯ ಫ್ಲಾಪಿಗಳಿದ್ದರೆ ಈ ಮಳೆಗಾಲದೊಳಗೆ ಕಾಪಿ ಮಾಡಿಟ್ಟುಕೊಳ್ಳಿ. ನಮ್ಮ ಕಡಲ ಕರೆಯ ತೇವಕ್ಕೆ ಬೂಷ್ಟು ಹಿಡಿದರೆ ಡಾಸ್‌ಬಾಕ್ಸಿಗೂ ಏನೂ ಮಾಡಲಾಗದು.