ತಡವಾಗಿ ಬರುವ ಪ್ರೇಮಿಯ ಪರವಾಗಿ

ಹಿಂದಿ ಸಿನಿಮಾದ ಪ್ರೇಮದ ಬಗ್ಗೆ ಬರೆಯುವವರೆಲ್ಲ 1995ರ ‘ದಿಲ್‌ವಾಲೆ ದುಲ್ಹನಿಯಾ ಲೇ ಜಾಯೇಂಗೆ’ಗೆ ಒಮ್ಮೆ ಕೈಮುಗಿದೇ ಮುಂದೆ ಹೋಗುತ್ತಾರೆ. ಪ್ರೇಮ ಆಧುನಿಕವಾದದ್ದು ಅಲ್ಲಿಯೇ ಅಂತೆ. ಎಪ್ಪತ್ತರ ದಶಕದ ನಿರ್ದೇಶಕ ಬಾಸು ಚಟರ್ಜಿಯ ಪಾಲಿಗೆ ಉಳಿಯುವುದು ‘ಮುಗ್ಧ, ಸರಳ, ಪುಟ್ಟ ಚಿತ್ರಗಳು’ ಎಂಬ ಸರ್ಟಿಫಿಕೇಟು. ಎರಡೂ ತೀರ್ಪು ತಲೆಕೆಳಗಾಗಿವೆ.

‘ದಿಲ್‌ವಾಲೆ’ಯ ನಾಯಕ ರಾಜ್ ಮಾಡುವುದಾದರೂ ಏನು? ಪ್ರೇಯಸಿ ಸಿಮ್ರನ್‌ಳ ತಾಯಿಯೇ ಒಡವೆ ಕೈಗಿಟ್ಟು ಓಡಿಹೋಗಿ ಎಂದರೂ ಒಪ್ಪುವುದಿಲ್ಲ. ಅಪ್ಪ ಬಲದೇವ್ ಸಿಂಗ್ ಹಿಡಿದ ಕೈ ಬಿಟ್ಟ ಮೇಲೆಯೇ ಹುಡುಗಿ ರೈಲಿನತ್ತ ಓಡಬೇಕು. ‘ಮುಘಲ್-ಎ-ಆಝಮ್’ನ ಅನಾರ್ಕಲಿ 1960ರಲ್ಲೇ ಬಾದಶಹನ ಎದುರು ಕುಣಿದು ಸವಾಲು ಹಾಕಿದ್ದಳು. 1973ರ ‘ಬಾಬಿ’ಯಲ್ಲೂ 1988ರ ‘ಕಯಾಮತ್ ಸೇ ಕಯಾಮತ್ ತಕ್’ನಲ್ಲೂ ಹುಡುಗ ಹುಡುಗಿ ಮನೆ ಬಿಟ್ಟು ಓಡಿದರು. ಇವರ ನಂತರ ಬಂದ ರಾಜ್ ಹೆಣ್ಣನ್ನು ಬಯಸಿದ್ದು ಅಪ್ಪನ ಕೈಯಿಂದಲೇ.

ಈಗ ಚಟರ್ಜಿಯ ‘ರಜನಿಗಂಧಾ’ ನೋಡಿ. 1974ರ ಚಿತ್ರ, ಮನ್ನೂ ಭಂಡಾರಿಯವರ ‘ಯಹೀ ಸಚ್ ಹೈ’ ಕಥೆಯಿಂದ ಬಂದದ್ದು. ಅಡ್ಡ ಬರುವ ಅಪ್ಪನಿಲ್ಲ, ಜಾತಿ ಜಗಳವಿಲ್ಲ, ಖಳನಾಯಕನಿಲ್ಲ. ದಿಲ್ಲಿಯ ದೀಪಾ ಕೆಲಸದ ಸಂದರ್ಶನಕ್ಕೆ ಮುಂಬೈಗೆ ಹೋಗುತ್ತಾಳೆ. ಅಲ್ಲಿ ಹಳೆಯ ಪ್ರಿಯಕರ ನವೀನ್ ಸಿಗುತ್ತಾನೆ. ದಿಲ್ಲಿಯಲ್ಲಿರುವ ಸಂಜಯ್ ಸಿನಿಮಾಕ್ಕೂ ತಡವಾಗಿ ಬರುವವನು, ಬಂದರೆ ಆಫೀಸಿನ ಪ್ರಮೋಷನ್ನಿನ ಮಾತು. ನವೀನ್ ಹೊತ್ತಿಗೆ ಸರಿಯಾಗಿ ಬರುತ್ತಾನೆ, ಸೀರೆ ಚೆನ್ನಾಗಿದೆ ಎನ್ನುತ್ತಾನೆ. ಟ್ಯಾಕ್ಸಿಯಲ್ಲಿ ಇಬ್ಬರೂ ಸುಮ್ಮನೆ ಕೂತಿರುವಾಗ ಹಿನ್ನೆಲೆಯಲ್ಲಿ ಮುಕೇಶ್ ಹಾಡು. ಯಾರ ತುಟಿಯೂ ಅಲುಗುವುದಿಲ್ಲ. ಮುಕೇಶ್‌ಗೆ ರಾಷ್ಟ್ರಪ್ರಶಸ್ತಿ ತಂದ ಆ ಹಾಡಿನುದ್ದಕ್ಕೂ ದೀಪಾಳಾಗಿ ವಿದ್ಯಾ ಸಿನ್ಹಾ ಮಾಡುವುದು ಒಂದೇ ಕೆಲಸ: ತೂಗಿ ನೋಡುವುದು. ಹೆಣ್ಣೊಬ್ಬಳು ಇಬ್ಬರನ್ನು ಮನಸ್ಸಿನಲ್ಲಿ ಇಟ್ಟುಕೊಂಡೂ ಕೆಟ್ಟವಳಾಗದೆ ಉಳಿಯುವುದನ್ನು ಹಿಂದಿ ಸಿನಿಮಾ ಎಷ್ಟು ಸಲ ಸಹಿಸಿದೆ?

ಕೊನೆಗೆ ಅವಳು ತಡವಾಗಿ ಬರುವವನನ್ನೇ ಒಪ್ಪುತ್ತಾಳೆ. ನವೀನನ ಕಾಗದದಲ್ಲಿ ಬರೀ ಅಭಿನಂದನೆ; ಬಾಗಿಲಲ್ಲಿ ಸುಗಂಧರಾಜ ಹಿಡಿದ ಸಂಜಯ್. ಇದು ರಾಜಿ ಎನ್ನುವವರಿದ್ದಾರೆ. ಇರಲಿ. ಆ ರಾಜಿಗೆ ಅವಳು ಯಾರ ಅಪ್ಪಣೆಯನ್ನೂ ಕೇಳಲಿಲ್ಲ.

ಚಟರ್ಜಿಯ ಮೇಲೆ ಆಕ್ಷೇಪಗಳಿಲ್ಲವೆಂದಲ್ಲ. ‘ಛೋಟೀ ಸೀ ಬಾತ್’ನ ಅರುಣ್ ಪ್ರಭಾಳ ಹಿಂದೆ ಸುತ್ತುವುದನ್ನು ಇವತ್ತಿನ ಹುಡುಗಿಯರು ಮೆಚ್ಚಲಾರರು, ಆದರೆ ಅವನ ಅಂಜುಬುರುಕುತನಕ್ಕೆ ಅಷ್ಟು ಮಾಫಿ ಕೊಡಬಹುದು. ಶರತ್‌ಚಂದ್ರರ ಕಥೆಯಾಧರಿಸಿದ ‘ಸ್ವಾಮಿ’ಯಲ್ಲಿ (1977) ಗಂಡನ ಒಳ್ಳೆಯತನವೇ ಹೆಂಡತಿಯನ್ನು ಕಟ್ಟಿಹಾಕುತ್ತದೆ. ಗಿರೀಶ ಕಾರ್ನಾಡರ ಸಂಯಮದ ನಟನೆ ಇಲ್ಲದಿದ್ದರೆ ಆ ಚಿತ್ರ ಬರೀ ಪತಿಭಕ್ತಿಯ ಪಾಠವಾಗುತ್ತಿತ್ತು.

ನಿಜವಾದ ತಕರಾರು ಅಭಿರುಚಿಯದು. ‘ಬ್ಲಿಟ್ಜ್’ ವಾರಪತ್ರಿಕೆಯಲ್ಲಿ ವರ್ಷಗಟ್ಟಲೆ ವ್ಯಂಗ್ಯಚಿತ್ರ ಬರೆದ ಚಟರ್ಜಿಗೆ ಎರಡು ಗೆರೆಯಲ್ಲಿ ಮನುಷ್ಯನನ್ನು ತೋರಿಸುವುದು ಗೊತ್ತಿತ್ತು. ತೊಂಬತ್ತರ ದಶಕದಿಂದೀಚೆಗೆ ಖರ್ಚು ಕಾಣದಿದ್ದರೆ ಪ್ರೇಮವೂ ಕಾಣುವುದಿಲ್ಲ: ವಿದೇಶದ ಹಿಮ, ಸಾಸಿವೆ ಹೊಲ, ವಾರಗಟ್ಟಲೆ ಮದುವೆ. ಪಂಜಾಬಿನ ಸಂಗೀತ್, ಮೆಹಂದಿಗಳು ಆ ತೆರೆಯಿಂದಿಳಿದು ಬೆಂಗಳೂರಿನ ಕಲ್ಯಾಣಮಂಟಪಗಳನ್ನೂ ಸೇರಿವೆ. ಸೋಬಾನೆ ಹೇಳುವ ಅಜ್ಜಿ ಮೂಲೆಯ ಕುರ್ಚಿಯಲ್ಲಿ, ವೇದಿಕೆಯಲ್ಲಿ ಡಿ.ಜೆ. ಇಂಥ ಕಣ್ಣಿಗೆ ದೀಪಾಳ ಸಾದಾ ಸೀರೆ ಬಡತನದಂತೆ ಕಂಡೀತು.

ಇಷ್ಟಾದರೂ 2013ರಲ್ಲಿ ‘ದಿ ಲಂಚ್‌ಬಾಕ್ಸ್’ ಬಂದಾಗ, ಆಫೀಸಿಗೆ ಹೋಗುವವರ ಮುಂಬೈಯಲ್ಲಿ ಮೆಲ್ಲಗೆ ಹುಟ್ಟುವ ಪ್ರೇಮವನ್ನು ಹೊಸದೆಂಬಂತೆ ಕೊಂಡಾಡಲಾಯಿತು. ಹಾಗೆ ಕೊಂಡಾಡಿದವರು ಚಟರ್ಜಿಯ 1979ರ ‘ಬಾತೋಂ ಬಾತೋಂ ಮೇಂ’ನ ಲೋಕಲ್ ರೈಲನ್ನು ಒಮ್ಮೆ ಹತ್ತಿ ಬರಬೇಕಿತ್ತು.