ಮಾತು ಸಿಕ್ಕವರು, ಗುಂಡು ಸಿಕ್ಕವರು

ಮೊದಲ ಮಹಾಯುದ್ಧದಲ್ಲಿ ಬುದ್ಧಿ ಕಳಕೊಂಡ ಸೈನಿಕರ ಬಗ್ಗೆ ವಿಲ್ಫ್ರೆಡ್ ಓವೆನ್ 1918ರಲ್ಲಿ ಬರೆದ 'ಮೆಂಟಲ್ ಕೇಸಸ್' ಓದಿ ನಾವು ನಿದ್ದೆಗೆಟ್ಟೆವು. ಕಂಡ ಕೊಲೆಗಳು ಇವರನ್ನು ಬಿಡುತ್ತಿಲ್ಲ. ಈ ಗತಿ ತಂದೋರು ನಾವೇ ಅಂತ ಕವಿ ತನ್ನನ್ನೂ ಓದುಗನನ್ನೂ ಕಟಕಟೆಗೆ ಎಳೀತಾನೆ. ಕನಿಕರದ ಕವಿತೆಗಳು ಸಾಕಾಗಿದ್ದ ನಮಗೆ ಈ ಸಿಟ್ಟು ಹಿಡಿಸಿತು.

ಆದರೂ ಒಂದು ತಕರಾರಿದೆ. ಇಲ್ಲಿ ರೋಗಿಗಳು ಒಂದು ಮಾತೂ ಆಡುವುದಿಲ್ಲ. ಓವೆನ್ ಅಧಿಕಾರಿ. 1917ರಲ್ಲಿ ಅವನಿಗೂ ಶೆಲ್ ಷಾಕ್ ಆದಾಗ ಎಡಿನ್‌ಬರೋದಲ್ಲಿ ಅಧಿಕಾರಿಗಳಿಗಷ್ಟೇ ಮೀಸಲಾದ ಆಸ್ಪತ್ರೆ ಸಿಕ್ಕಿತು, ಕವಿ ಸಸೂನನ ಸ್ನೇಹ ಸಿಕ್ಕಿತು, ಬರೆಯೋಕೆ ಬಿಡುವೂ ಸಿಕ್ಕಿತು. ಅದೇ ಯುದ್ಧದಲ್ಲಿ ಪಲಾಯನ, ಹೇಡಿತನ ಮುಂತಾದ ಆಪಾದನೆಗೆ ತಮ್ಮದೇ ಪಡೆಯ ಗುಂಡಿಗೆ ಸತ್ತ 306 ಜನರಿಗೆ ಬ್ರಿಟನ್ ಕ್ಷಮೆ ಕೊಟ್ಟದ್ದು 2006ರಲ್ಲಿ. ಬಹುಪಾಲು ಸಾದಾ ಸಿಪಾಯಿಗಳು. ಒಳಗೇ ಮುರಿದುಹೋಗಿದ್ದವರೂ ಅವರಲ್ಲಿದ್ದರು. ಅವರು ಬರೆದ ಕವಿತೆ ನಾವು ಹುಡುಕಿದರೂ ಸಿಗಲಿಲ್ಲ.